ಹಳೆಯ ಬ್ಲಾಗಿಗರಿಗೆ ಇನ್‌ಸ್ಟಾಗ್ರಾಮ್ ಒಗ್ಗುತ್ತದೆಯೇ? ಟ್ರಯಲ್ ರೀಲ್ಸ್ ಸಮೇತ ಒಂದು ವಿಮರ್ಶೆ

ಹತ್ತು-ಹದಿನೈದು ವರ್ಷ ಕನ್ನಡದಲ್ಲಿ ಬ್ಲಾಗ್ ಬರೆದವರು ಇನ್‌ಸ್ಟಾಗ್ರಾಮ್‌ಗೆ ಬಂದ ಮೇಲೆ ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಮೊನ್ನೆ ಮೊನ್ನೆ ಖಾತೆ ತೆರೆದವರ ರೀಲ್ ಲಕ್ಷ ವ್ಯೂಸ್ ದಾಟುತ್ತದೆ, ನಮ್ಮದು ನಮ್ಮನ್ನು ಫಾಲೋ ಮಾಡುವವರಿಗೇ ಕಾಣುವುದಿಲ್ಲ; ಹೊಸಬರಿಗೆ ಮಣೆ, ನಮಗೆ ಮೂಲೆ. ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ದೂರಿನಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಕಂಪನಿಯೇ ಬಹಿರಂಗವಾಗಿ ಹೇಳಿದೆ. ಉಳಿದರ್ಧ ಹುಟ್ಟಿದ್ದು ಆ್ಯಪ್ ಏನನ್ನು ಅಳೆಯುತ್ತದೆ ಎಂದು ತಿಳಿಯದೆ. ಬ್ಲಾಗ್‌ಸ್ಪಾಟ್‌ನಲ್ಲೋ ವರ್ಡ್‌ಪ್ರೆಸ್‌ನಲ್ಲೋ ಇನ್ನೂರು-ಮುನ್ನೂರು ಬರಹ ಕೂಡಿಹಾಕಿಕೊಂಡು, ಈಗ ಇನ್‌ಸ್ಟಾದಲ್ಲಿ ಮೊದಲಿನಿಂದ ಶುರುಮಾಡಬೇಕಾಗಿ ಬಂದವರಿಗಾಗಿ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡೋಣ. ನಿಮ್ಮ ಹೆಸರೇ ಕೇಳದವರನ್ನು ನಿಮ್ಮ ಮುಂದೆ ತಂದು ನಿಲ್ಲಿಸುವ ಕೆಲಸಕ್ಕೆ ಇನ್‌ಸ್ಟಾಗ್ರಾಮ್‌ಗೆ ಐದರಲ್ಲಿ ನಾಲ್ಕು ಅಂಕ. ವರ್ಷಗಟ್ಟಲೆ ಬರೆದದ್ದನ್ನು ಇಡಲು, ಹಳೆಯ ಓದುಗರನ್ನು ಉಳಿಸಿಕೊಳ್ಳಲು ಒಂದೂವರೆ ಕೊಟ್ಟರೂ ಜಾಸ್ತಿ. ಬ್ಲಾಗ್ ಮುಚ್ಚಿ ಪೂರ್ತಿಯಾಗಿ ಅಲ್ಲಿಗೆ ಹೋಗುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಹೊಸಬರಿಗೆ ಮಣೆ ಹಾಕಿದ್ದು ಯಾವಾಗ?

2016ರವರೆಗೆ ಇನ್‌ಸ್ಟಾ ಫೀಡ್ ಹೊತ್ತಿನ ಕ್ರಮದಲ್ಲಿ ಬರುತ್ತಿತ್ತು. ನೀವು ಹಾಕಿದ್ದು ನಿಮ್ಮನ್ನು ಫಾಲೋ ಮಾಡುವವರಿಗೆ ಬೇಗವೋ ತಡವೋ ಸಿಗುತ್ತಿತ್ತು. ಆ ವರ್ಷ ಯಾರಿಗೆ ಏನು ಇಷ್ಟವಾಗಬಹುದು ಎಂದು ಲೆಕ್ಕಹಾಕಿ ತೋರಿಸುವ ಪದ್ಧತಿ ಬಂತು. ಆಗಲೂ ಫೀಡ್‌ನಲ್ಲಿ ಇರುತ್ತಿದ್ದುದು ಬಹುಪಾಲು ನಾವೇ ಆರಿಸಿಕೊಂಡವರು. ನಿಜವಾದ ತಿರುವು 2020ರದ್ದು. ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ಭಾರತದಲ್ಲಿ ನಿಷೇಧ ಬಿತ್ತು, ಜುಲೈನಲ್ಲೇ ಇನ್‌ಸ್ಟಾ ಇಲ್ಲಿ ರೀಲ್ಸ್ ಬಿಟ್ಟಿತು. ಫಾಲೋ ಮಾಡದವರ ವಿಡಿಯೊ ತೋರಿಸುವುದೇ ಆ್ಯಪ್‌ನ ಮುಖ್ಯ ಕೆಲಸವಾದದ್ದು ಅಲ್ಲಿಂದ.

ಹಳಬರ ಕಣ್ಣಿಗೆ ಕುಕ್ಕುವ ಬದಲಾವಣೆ ಬಂದದ್ದು 2024ರ ಏಪ್ರಿಲ್ 30ಕ್ಕೆ. ಇಲ್ಲಿಯವರೆಗೆ ಶಿಫಾರಸಿನಲ್ಲಿ, ಅಂದರೆ ಫಾಲೋ ಮಾಡದವರಿಗೂ ಆ್ಯಪ್ ತಾನಾಗಿ ತೋರಿಸುವಲ್ಲಿ, ದೊಡ್ಡ ಖಾತೆಗಳಿಗೂ, ಬೇರೆಯವರ ವಿಡಿಯೊ ಎತ್ತಿ ಹಾಕುವ ಖಾತೆಗಳಿಗೂ ಹೆಚ್ಚು ರೀಚ್ (ತಲುಪುವ ಜನರ ಸಂಖ್ಯೆ) ಸಿಗುತ್ತಿತ್ತು, ಅದನ್ನು ಸರಿಪಡಿಸುತ್ತಿದ್ದೇವೆ ಎಂದು ಇನ್‌ಸ್ಟಾಗ್ರಾಮ್ ಪ್ರಕಟಿಸಿತು. ಹೊಸ ಏರ್ಪಾಡು ಹೀಗಿದೆ. ಶಿಫಾರಸಿಗೆ ಅರ್ಹವಾದ ಪ್ರತಿ ರೀಲನ್ನೂ ಮೊದಲು ಒಂದು ಸಣ್ಣ ಗುಂಪಿಗೆ ತೋರಿಸುತ್ತಾರೆ. ಆ ಗುಂಪಿನವರು ನಿಮ್ಮನ್ನು ಫಾಲೋ ಮಾಡುತ್ತಾರೋ ಇಲ್ಲವೋ ಮುಖ್ಯವಲ್ಲ, ಈ ವಿಷಯ ಅವರಿಗೆ ಹಿಡಿಸಬಹುದೇ ಎನ್ನುವುದು ಮುಖ್ಯ. ಅಲ್ಲಿ ಚೆನ್ನಾಗಿ ಓಡಿದ್ದು ಇನ್ನೂ ದೊಡ್ಡ ಗುಂಪಿಗೆ, ಅಲ್ಲೂ ಗೆದ್ದರೆ ಅದಕ್ಕಿಂತ ದೊಡ್ಡದಕ್ಕೆ ಹೋಗುತ್ತದೆ.

ಅಂದರೆ 400 ಫಾಲೋವರ್ಸ್ ಇರುವ ಹುಡುಗಿಯ ರೀಲೂ 12,000 ಇರುವ ನಿಮ್ಮ ರೀಲೂ ಅಪರಿಚಿತರ ಮುಂದೆ ಒಂದೇ ಗೆರೆಯಿಂದ ಓಟ ಶುರುಮಾಡುತ್ತವೆ. ನಿಮ್ಮನ್ನು ಹಿಂದಕ್ಕೆ ತಳ್ಳಿದ್ದಾರೆ ಎನ್ನುವುದಕ್ಕಿಂತ, ನಿಮ್ಮ ಹಳೆಯ ಜಮೆಯನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ ಎನ್ನುವುದು ಸರಿ. ಹೊಸ ಓದುಗರ ದೃಷ್ಟಿಯಿಂದ ಇದರಲ್ಲಿ ಅನ್ಯಾಯವೇನೂ ಇಲ್ಲ. ನೀವು ಹಳಬರು ಎಂಬ ಕಾರಣಕ್ಕೇ ಅವರು ಯಾಕೆ ನೋಡಬೇಕು?

ಆದರೆ ಹಳಬರ ಖಾತೆಗೆ ನಿಜವಾಗಿಯೂ ಒಂದು ಹೊರೆಯಿದೆ, ಅದನ್ನು ಯಾರೂ ಹೇಳುವುದಿಲ್ಲ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆ್ಯಡಂ ಮೊಸ್ಸೆರಿ ತೂಕ ಹೆಚ್ಚಿರುವ ಮೂರು ಅಳತೆಗಳನ್ನು ಹೆಸರಿಸಿದರು: ಎಷ್ಟು ಹೊತ್ತು ನೋಡಿದರು, ತಲುಪಿದವರ ಪೈಕಿ ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಫಾಲೋವರ್‌ಗಳ ನಡುವೆ ಲೈಕ್‌ಗೆ ಬೆಲೆ ಹೆಚ್ಚು, ಅಪರಿಚಿತರನ್ನು ತಲುಪಲು ಕಳಿಸುವುದಕ್ಕೆ ಬೆಲೆ ಹೆಚ್ಚು. ಮೂರೂ ಅನುಪಾತದ ಮಾತು, ಒಟ್ಟು ಮೊತ್ತದ್ದಲ್ಲ. ಈಗ ಹಳೆಯ ಬ್ಲಾಗಿಗರ ಫಾಲೋವರ್ಸ್ ಪಟ್ಟಿ ತೆರೆದು ನೋಡಿ. ಅರ್ಧ ಜನ ಸಹ ಬ್ಲಾಗಿಗರು, ದಾಕ್ಷಿಣ್ಯಕ್ಕೆ "ಸೂಪರ್" ಎಂದು ಬರೆದು ವಿಡಿಯೊ ಮುಗಿಯುವ ಮೊದಲೇ ಹೊರಡುವವರು. ಇನ್ನು ಕೆಲವರು ವರ್ಷಗಳ ಹಿಂದೆ ಸೇರಿ ಆ್ಯಪ್ ತೆರೆಯುವುದನ್ನೇ ಬಿಟ್ಟವರು. ಮೊದಲ ಸುತ್ತಿನಲ್ಲಿ ಇವರೇ ನೋಡಿದರೆ ನೋಡಿದ ಹೊತ್ತು ಕುಸಿಯುತ್ತದೆ, ಕಳಿಸಿದವರ ಲೆಕ್ಕ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಹೊಸ ಖಾತೆಗೆ ಈ ಹೊರೆಯಿಲ್ಲ.

ಟ್ರಯಲ್ ರೀಲ್ಸ್: ಹಳಬರಿಗೆ ನಿಜಕ್ಕೂ ಬೇಕಾದದ್ದು

ಈ ಹೊರೆ ಇಳಿಸುವ ಸಾಧನವೊಂದು 2024ರ ಡಿಸೆಂಬರ್‌ನಲ್ಲಿ ಬಂತು. ಹೆಸರು ಟ್ರಯಲ್ ರೀಲ್ಸ್. ರೀಲ್ ಹಾಕುವ ಕೊನೆಯ ಪರದೆಯಲ್ಲಿ ಟ್ರಯಲ್ ಎಂಬ ಗುಂಡಿ ಒತ್ತಿದರೆ ಆ ರೀಲ್ ಮೊದಲು ನಿಮ್ಮನ್ನು ಫಾಲೋ ಮಾಡದವರಿಗೆ ಮಾತ್ರ ಹೋಗುತ್ತದೆ. ನಿಮ್ಮ ಪ್ರೊಫೈಲಿನ ಗ್ರಿಡ್‌ನಲ್ಲಿ ಉಳಿದವರಿಗೆ ಕಾಣುವುದಿಲ್ಲ. ಸುಮಾರು 24 ಗಂಟೆಯ ಹೊತ್ತಿಗೆ ಮೊದಲ ಅಂಕಿಗಳು ಬರುತ್ತವೆ. 72 ಗಂಟೆಯೊಳಗೆ ಚೆನ್ನಾಗಿ ಓಡಿದರೆ ತಾನಾಗಿಯೇ ಎಲ್ಲರಿಗೂ ಹಂಚುವಂತೆ ಮೊದಲೇ ಹೇಳಿಡಬಹುದು. ಪ್ರೊಫೆಷನಲ್ ಖಾತೆ ಇರಬೇಕು. ಶುರುವಾದಾಗ ಕನಿಷ್ಠ 1,000 ಫಾಲೋವರ್ಸ್ ಎಂಬ ನಿಯಮವಿತ್ತು. ಗುಂಡಿ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಖಾತೆಯ ಬಗೆ.

ಒಂದು ಹಳೆಯ ಬರಹವನ್ನು ಇಟ್ಟುಕೊಂಡು ನೋಡೋಣ. ನುಚ್ಚಿನುಂಡೆ. ಬ್ಲಾಗಿನಲ್ಲಿ ಅದು ಹೀಗಿರುತ್ತದೆ: ಒಂದು ಲೋಟ ತೊಗರಿಬೇಳೆ ಎರಡು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ನಾಲ್ಕೈದು ಹಸಿಮೆಣಸಿನಕಾಯಿ, ಒಂದಿಂಚು ಶುಂಠಿಯ ಜೊತೆ ನೀರು ಹಾಕದೆ ತರಿತರಿಯಾಗಿ ರುಬ್ಬಿ, ಹೆಚ್ಚಿದ ಸಬ್ಬಸಿಗೆ ಸೊಪ್ಪು, ಕಾಯಿತುರಿ, ಇಂಗು, ಉಪ್ಪು ಬೆರೆಸಿ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ಇದನ್ನೇ ರೀಲ್ ಮಾಡುವಾಗ ಹಳಬರು ಬರಹದ ಕ್ರಮವನ್ನೇ ಹಿಡಿಯುತ್ತಾರೆ. ಬ್ಲಾಗಿನ ಹೆಸರಿರುವ ಫಲಕ, ನಮಸ್ಕಾರ, ಇವತ್ತು ನಾವು ಮಾಡುತ್ತಿರುವುದು, ನಂತರ ಬಟ್ಟಲುಗಳಲ್ಲಿ ಸಾಲಾಗಿ ಸಾಮಾನು. ರುಬ್ಬುವ ಹೊತ್ತಿಗೆ ಹನ್ನೆರಡು ಸೆಕೆಂಡು ಕಳೆದಿರುತ್ತದೆ. ಇನ್‌ಸ್ಟಾ ಅಂಕಿಗಳನ್ನು ತೋರಿಸುವ ಇನ್‌ಸೈಟ್ಸ್‌ನಲ್ಲಿ ಎಷ್ಟು ಜನ ಉಳಿದರು ಎಂದು ತೋರಿಸುವ ಗೆರೆ ಮೂರನೆಯ ಸೆಕೆಂಡಿಗೇ ಧೊಪ್ಪನೆ ಕೆಳಗಿಳಿದಿರುತ್ತದೆ.

ನುಚ್ಚಿನುಂಡೆಯಲ್ಲಿ ಎಲ್ಲರೂ ಎಡವುವುದು ರುಬ್ಬುವಲ್ಲಿ. ನುಣ್ಣಗಾದರೆ ಬೆಂದ ಮೇಲೆ ಉಂಡೆ ಕಲ್ಲಾಗುತ್ತದೆ. ಬೇಳೆ ಸರಿಯಾಗಿ ಬಸಿಯದಿದ್ದರೆ ಉಂಡೆ ನಿಲ್ಲದೆ ತಟ್ಟೆಯಲ್ಲಿ ಹರಡುತ್ತದೆ. ಹಾಗಿದ್ದರೆ ರೀಲ್ ಅಲ್ಲಿಂದಲೇ ಶುರುವಾಗಲಿ. ಎರಡು ಮಿಕ್ಸಿ ಜಾರ್ ಪಕ್ಕಪಕ್ಕ: ಒಂದರಲ್ಲಿ ನುಣ್ಣಗಿನ ಹಿಟ್ಟು, ಇನ್ನೊಂದರಲ್ಲಿ ಬೇಳೆಯ ಚೂರು ಕಣ್ಣಿಗೆ ಕಾಣುವ ತರಿ. ಬೆರಳಲ್ಲಿ ಒಂದೊಂದು ಚಿಟಿಕೆ ಎತ್ತಿ ಒತ್ತಿ ತೋರಿಸಿ. ಮೇಲೆ ಎರಡೇ ಸಾಲು ಬರಹ: "ಹೀಗೆ ರುಬ್ಬಿದರೆ ಕಲ್ಲು, ಹೀಗೆ ರುಬ್ಬಿದರೆ ಹೂವು." ನಂತರ ಬೆಂದ ಎರಡೂ ಉಂಡೆ ಮುರಿದು ತೋರಿಸಿ. 35ರಿಂದ 40 ಸೆಕೆಂಡು ಧಾರಾಳ ಸಾಕು. ಪೂರ್ತಿ ಅಳತೆ ಬ್ಲಾಗಿನಲ್ಲಿದೆ, ಇಲ್ಲಿ ತುರುಕುವ ಅಗತ್ಯವಿಲ್ಲ. ಇದೇ ಬರಹದಿಂದ ಬಸಿಯುವುದರ ಬಗ್ಗೆ ಇನ್ನೊಂದು, ಸಬ್ಬಸಿಗೆ ಇಲ್ಲದಿದ್ದರೆ ಏನು ಹಾಕಬಹುದು ಎಂಬುದಕ್ಕೆ ಮತ್ತೊಂದು. ಮೂರನ್ನೂ ಬೇರೆ ಬೇರೆ ದಿನ ಟ್ರಯಲ್‌ಗೆ ಬಿಡಿ. ಅಡುಗೆ ಗೊತ್ತಿರುವವರ ಹತ್ತಿರ ಇಂಥ ಎಡವಟ್ಟುಗಳ ಖಜಾನೆಯೇ ಇರುತ್ತದೆ. ಬ್ಲಾಗಿನ ಕಾಮೆಂಟುಗಳಲ್ಲಿ "ಯಾಕೋ ಗಟ್ಟಿಯಾಯಿತು" ಎಂದು ಕೇಳಿದವರೆಲ್ಲ ನಿಮಗೆ ರೀಲ್ ಬರೆದುಕೊಟ್ಟವರೇ. ಹೊಸಬರ ಹತ್ತಿರ ಇದಿಲ್ಲ.

ಅಂಕಿ ಓದುವಾಗ ವ್ಯೂಸ್ ಒಂದನ್ನೇ ನೋಡಬೇಡಿ. ಸರಾಸರಿ ನೋಡಿದ ಹೊತ್ತನ್ನು ರೀಲಿನ ಉದ್ದದಿಂದ ಭಾಗಿಸಿ. ಶೇರ್‌ಗಳನ್ನು ರೀಚ್‌ನಿಂದ ಭಾಗಿಸಿ. ಉದಾಹರಣೆಗೆ 1,000 ಜನರನ್ನು ತಲುಪಿ 30 ಜನ ಕಳಿಸಿದ ರೀಲ್, 5,000 ತಲುಪಿ 20 ಜನ ಕಳಿಸಿದ್ದಕ್ಕಿಂತ ಮುಂದೆ ಬೆಳೆಯುವ ಸಾಧ್ಯತೆ ಹೆಚ್ಚು. ಅಡುಗೆಯಲ್ಲಿ ಸಾಮಾನ್ಯವಾಗಿ ಸೇವ್ ಜಾಸ್ತಿ, ಶೇರ್ ಕಡಿಮೆ. ನಂತರ ಮಾಡೋಣ ಎಂದು ಇಟ್ಟುಕೊಳ್ಳುತ್ತಾರೆ, ಕಳಿಸುವುದಿಲ್ಲ. ಎಡವಟ್ಟು ತೋರಿಸುವ ರೀಲನ್ನು ಅಕ್ಕನಿಗೋ ಗಂಡನಿಗೋ ಕಳಿಸಿ "ನೋಡು, ನೀನು ಮಾಡುವುದು ಹೀಗೆ" ಎನ್ನುವ ಆಸೆ ಬರುತ್ತದೆ.

ತಾನಾಗಿಯೇ ಎಲ್ಲರಿಗೂ ಹಂಚುವ ಆಯ್ಕೆಯನ್ನು ಮೊದಮೊದಲು ಆಫ್ ಮಾಡಿಡುವುದು ಒಳ್ಳೆಯದು. ಅಪರಿಚಿತರಿಗೆ ಹಿಡಿಸಿದ್ದೆಲ್ಲ ಹತ್ತು ವರ್ಷದ ಓದುಗರಿಗೆ ಹಿಡಿಸಬೇಕೆಂದಿಲ್ಲ. ಇನ್ನೊಂದು ಮಾತು, ಟ್ರಯಲ್ ಎಂದರೆ ಗುಟ್ಟಲ್ಲ. ಯಾರಾದರೂ ಮೆಸೇಜಿನಲ್ಲಿ ಕಳಿಸಿದರೆ, ಅಥವಾ ನೀವು ಬಳಸಿದ ಹಾಡಿನ ಪುಟ ತೆರೆದರೆ ಫಾಲೋವರ್‌ಗಳ ಕಣ್ಣಿಗೂ ಬೀಳಬಹುದು.

ಎಲ್ಲಿ ಕೆಡುತ್ತದೆ

ಎಷ್ಟು ಹಾಕಿದರೂ ಅಪರಿಚಿತರ ಪಾಲು ಸೊನ್ನೆಯ ಹತ್ತಿರವೇ ಇದ್ದರೆ ಅಲ್ಗಾರಿದಮ್ಮನ್ನು ಬೈಯುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಸ್ಟೇಟಸ್ ತೆರೆಯಿರಿ. ಶಿಫಾರಸಿಗೆ ಅರ್ಹವೇ ಅಲ್ಲವೇ ಎಂದು ಅಲ್ಲೇ ಬರೆದಿರುತ್ತದೆ, ಯಾವ ಪೋಸ್ಟ್ ಅಡ್ಡಿ ಎಂಬುದೂ ಇರುತ್ತದೆ, ಮರುಪರಿಶೀಲನೆಗೆ ಕೇಳಲೂಬಹುದು. ಬೇರೆಯವರ ವಿಡಿಯೊಗಳನ್ನು 30 ದಿನದಲ್ಲಿ ಹತ್ತು ಅಥವಾ ಹೆಚ್ಚು ಬಾರಿ ಹಾಗೇ ಎತ್ತಿ ಹಾಕಿದ ಖಾತೆಗಳನ್ನು ಶಿಫಾರಸಿನಿಂದ ಹೊರಗಿಡುವುದಾಗಿ 2024ರ ಪ್ರಕಟಣೆಯಲ್ಲೇ ಹೇಳಿತ್ತು. ಹಬ್ಬದ ಶುಭಾಶಯ, ಸುಭಾಷಿತ, ಹಳೆಯ ಚಿತ್ರಗೀತೆಯ ತುಣುಕು ಹಂಚುವ ಅಭ್ಯಾಸ ನಮ್ಮ ಹಿರಿಯ ಬ್ಲಾಗಿಗರಲ್ಲಿ ಬಹಳ. ಅದು ಸ್ಟೋರಿಯಲ್ಲಿರಲಿ, ರೀಲಾಗಿ ಬೇಡ. ಬೇರೆ ಆ್ಯಪ್‌ನ ಗುರುತು ಮೂಲೆಯಲ್ಲಿರುವ ವಿಡಿಯೊ, ಸುತ್ತ ಚೌಕಟ್ಟಿರುವುದು, ಮಸುಕಾದದ್ದು, ಮೂರು ನಿಮಿಷ ಮೀರಿದ್ದು ಇವೂ ಅಪರಿಚಿತರತ್ತ ಹೋಗುವುದು ಕಷ್ಟ. ಪ್ರೊಫೆಷನಲ್ ಖಾತೆಯಲ್ಲಿ ಎರಡು ಬಗೆ. ಬಿಸಿನೆಸ್ ಆರಿಸಿದರೆ ಸಿಗುವ ಹಾಡುಗಳ ಪಟ್ಟಿ ಬಹಳ ಚಿಕ್ಕದು, ಹಾಗಾಗಿ ಬರೆಯುವವರಿಗೆ ಕ್ರಿಯೇಟರ್ ಬಗೆಯೇ ಸರಿ.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಇನ್‌ಸ್ಟಾಗೆ ಅಂಕ ಕಡಿಯಲೇಬೇಕು. ಒಳಗಿನ ಚೆಂದದ ಫಾಂಟುಗಳು ಹೆಚ್ಚಿನವು ಇಂಗ್ಲಿಷ್ ಅಕ್ಷರಕ್ಕೆ ಹೊಲಿದವು, ಕನ್ನಡ ಟೈಪ್ ಮಾಡಿದರೆ ಫೋನಿನ ಮಾಮೂಲಿ ಅಕ್ಷರವೇ ಬರುತ್ತದೆ. ಸುಂದರ ಅಕ್ಷರ ಬೇಕಿದ್ದರೆ ಹೊರಗಿನ ಎಡಿಟರ್‌ನಲ್ಲಿ ಯುನಿಕೋಡ್ ಕನ್ನಡ ಫಾಂಟ್ ಹಾಕಿಕೊಂಡು ಬರೆದು ತರಬೇಕು. 1080 ಗುಣಿಸು 1920 ಪಿಕ್ಸೆಲ್ ಚೌಕಟ್ಟಿನಲ್ಲಿ ಕೆಳಗಿನ ಐದನೆಯ ಒಂದು ಭಾಗ ಬಿಟ್ಟುಬಿಡಿ, ಅಲ್ಲಿ ಹೆಸರು, ಕ್ಯಾಪ್ಶನ್ ಕೂರುತ್ತವೆ. ಬಲ ಅಂಚಿನಲ್ಲಿ ಗುಂಡಿಗಳು. ಒತ್ತಕ್ಷರದ ಕೆಳಭಾಗ ಕ್ಯಾಪ್ಶನ್‌ಗೆ ತಾಗಿದರೆ "ಅಕ್ಕ" ಎಂಬುದು "ಅಕ" ಆಗಿ ಕಾಣುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಕದ್ದ ಅಡುಗೆಯ ಪ್ರಶ್ನೆ

ಹಳಬರ ದೂರಿನಲ್ಲಿ ಅತ್ಯಂತ ಗಟ್ಟಿಯಾದ ಭಾಗ ಇದು, ಇನ್‌ಸ್ಟಾ ಅತ್ಯಂತ ದುರ್ಬಲವಾಗಿರುವುದೂ ಇಲ್ಲೇ. ಒಂದೇ ವಿಡಿಯೊ ಎರಡು ಕಡೆ ಇದ್ದರೆ ಯಂತ್ರ ಗುರುತಿಸಿ ಶಿಫಾರಸಿನಲ್ಲಿ ಮೂಲದ್ದನ್ನೇ ಮುಂದಿಡುವ ಏರ್ಪಾಡು 2024ರಲ್ಲಿ ಬಂದಿದೆ. ಆದರೆ ಬ್ಲಾಗಿಗರ ವಿಷಯದಲ್ಲಿ ಆಗುವುದು ಬೇರೆ. ನಿಮ್ಮ ಬರಹ ಓದಿ, ಅದೇ ಅಳತೆ, ಅದೇ ಕಿವಿಮಾತು, ಕೆಲವೊಮ್ಮೆ ಅದೇ ವಾಕ್ಯ ಇಟ್ಟುಕೊಂಡು ಹೊಸಬರು ತಮ್ಮ ಅಡುಗೆಮನೆಯಲ್ಲಿ ಹೊಸದಾಗಿ ಚಿತ್ರಿಸುತ್ತಾರೆ. ಯಂತ್ರದ ಲೆಕ್ಕದಲ್ಲಿ ಅದು ನೂರಕ್ಕೆ ನೂರು ಸ್ವಂತ. ನಿಮ್ಮ ಬರಹ ಇರುವುದು ಬೇರೊಂದು ಜಾಲತಾಣದಲ್ಲಿ, ಅಕ್ಷರ ರೂಪದಲ್ಲಿ. ರೀಲ್ ಜೊತೆ ಅದನ್ನು ಹೋಲಿಸುವ ಏರ್ಪಾಡು ಇಲ್ಲ.

ಕಾನೂನು ಎಷ್ಟು ದೂರ ಬರುತ್ತದೆ ಎಂಬುದೂ ಗೊತ್ತಿರಲಿ. ಸಾಮಾನಿನ ಪಟ್ಟಿ, ಮಾಡುವ ವಿಧಾನ ಯಾರ ಸ್ವತ್ತೂ ಅಲ್ಲ. ನಿಮ್ಮ ವಾಕ್ಯಗಳು, ನಿಮ್ಮ ಫೋಟೊ, ನಿಮ್ಮ ವಿಡಿಯೊ ಮಾತ್ರ ನಿಮ್ಮವು. ನಿಮ್ಮ ಫೋಟೊ ರೀಲಿನಲ್ಲಿ ಬಂದಿದ್ದರೆ, ಕ್ಯಾಪ್ಶನ್‌ಗೆ ನಿಮ್ಮ ಪ್ಯಾರಾ ಹಾಗೇ ಅಂಟಿಸಿದ್ದರೆ ಕಾಪಿರೈಟ್ ಫಾರ್ಮ್ ತುಂಬಿ. ಮೂಲ ಪುಟದ ವಿಳಾಸ, ಪ್ರಕಟವಾದ ದಿನಾಂಕ, ಎರಡರ ಸ್ಕ್ರೀನ್‌ಶಾಟ್ ಜೊತೆಗಿಡಿ. ಫಾರ್ಮ್ ತುಂಬಿದರೆ ನಿಮ್ಮ ಹೆಸರು, ಮಿಂಚಂಚೆ ಎದುರಿನವರಿಗೆ ಹೋಗಬಹುದು, ಹಾಗಾಗಿ ಮನೆಯ ಮಿಂಚಂಚೆ ಬೇಡ. ಬರೀ ಪಾಕ ಎತ್ತಿದ್ದರೆ ಫಾರ್ಮ್‌ನಿಂದ ಉಪಯೋಗವಿಲ್ಲ, ಸೌಜನ್ಯದಿಂದ ಮೆಸೇಜ್ ಹಾಕಿ ಕೊಲ್ಯಾಬ್ ಕೇಳುವುದು ವಾಸಿ. ಕೊಲ್ಯಾಬ್ ಎಂದರೆ ಒಂದೇ ಪೋಸ್ಟ್ ಇಬ್ಬರ ಪ್ರೊಫೈಲಿನಲ್ಲೂ ಕಾಣುತ್ತದೆ, ಲೈಕ್-ವ್ಯೂಸ್ ಇಬ್ಬರಿಗೂ ಸೇರಿಯೇ ಲೆಕ್ಕ. ಬಹಳಷ್ಟು ಹೊಸಬರು ಒಪ್ಪುತ್ತಾರೆ. ಅವರಿಗೂ ಮುಂದಿನ ವಾರಕ್ಕೆ ಸರಕು ಬೇಕಲ್ಲ!

ಕೊಂಡಿಯ ಜಿಪುಣತನ

ಕ್ಯಾಪ್ಶನ್‌ನಲ್ಲಿ ಹಾಕಿದ ಕೊಂಡಿ ಒತ್ತಲು ಬರುವುದಿಲ್ಲ. ಬಯೋದಲ್ಲಿ ಐದು ಕೊಂಡಿ ಹಾಕಬಹುದು, ಅದು 2023ರ ಏಪ್ರಿಲ್‌ನಿಂದ. ಸ್ಟೋರಿಯಲ್ಲಿ ಲಿಂಕ್ ಸ್ಟಿಕ್ಕರ್ 2021ರ ಅಕ್ಟೋಬರ್‌ನಿಂದ ಎಲ್ಲರಿಗೂ ಸಿಕ್ಕಿದೆ. ಅದಕ್ಕೂ ಮೊದಲು ಕೊಂಡಿ ಹಾಕಲು 10,000 ಫಾಲೋವರ್ಸ್ ಬೇಕಿತ್ತು. ಕೆಲಸ ಮಾಡುವ ಉಪಾಯ ಒಂದೇ: ರೀಲ್ ಓಡುತ್ತಿರುವ ದಿನಗಳಲ್ಲಿ ಬಯೋದ ಮೊದಲ ಕೊಂಡಿಯನ್ನು ಆ ಪಾಕದ ಪುಟಕ್ಕೇ ಹಾಕಿ, ಬ್ಲಾಗಿನ ಮುಖಪುಟಕ್ಕಲ್ಲ. ಮುಖಪುಟಕ್ಕೆ ಬಂದವರು ಹುಡುಕುವುದಿಲ್ಲ, ಹಿಂದಕ್ಕೆ ಹೋಗುತ್ತಾರೆ. 2025ರ ಜುಲೈ 10ರಿಂದ ಸಾರ್ವಜನಿಕ ಪ್ರೊಫೆಷನಲ್ ಖಾತೆಗಳ ಪೋಸ್ಟುಗಳು ಗೂಗಲ್ ಹುಡುಕಾಟದಲ್ಲೂ ಬರಬಹುದು, ಹಾಗಾಗಿ ಕ್ಯಾಪ್ಶನ್‌ನ ಮೊದಲ ಸಾಲಿನಲ್ಲಿ ಅಡುಗೆಯ ಹೆಸರಿರಲಿ, ಕವಿತೆ ಆಮೇಲೆ.

ಬೇರೆ ಅಂಗಡಿಗಳು

ಯೂಟ್ಯೂಬ್ ಹಳಬರಿಗೆ ಹೆಚ್ಚು ಕರುಣೆಯ ಜಾಗ. ಅಲ್ಲಿ ಹುಡುಕಾಟವಿದೆ, ಗೊಜ್ಜವಲಕ್ಕಿ ಮಾಡುವುದು ಹೇಗೆ ಎಂದು ಹುಡುಕುವವರಿಗೆ ಹತ್ತು ವರ್ಷದ ಹಳೆಯ ವಿಡಿಯೊವೂ ಸಿಗುತ್ತದೆ. ರೀಲಿಗೆ ಆ ಆಯುಷ್ಯವಿಲ್ಲ. ಆದರೆ ಹೊಸಬರಿಗೆ ಮಣೆ ಹಾಕುವುದನ್ನು ಯೂಟ್ಯೂಬ್ ಇನ್ನೂ ನೇರವಾಗಿ ಮಾಡುತ್ತದೆ. 2025ರ ಜುಲೈನಲ್ಲಿ ಭಾರತಕ್ಕೆ ಬಂದ ಹೈಪ್ ಸೌಲಭ್ಯ (ನೋಡುಗರು ಗುಂಡಿ ಒತ್ತಿ ವಿಡಿಯೊವನ್ನು ಮೇಲೆತ್ತುವುದು) 500ರಿಂದ 5 ಲಕ್ಷ ಚಂದಾದಾರರಿರುವ ಚಾನೆಲ್‌ಗಳಿಗೆ ಮಾತ್ರ. ವಿಡಿಯೊ ಹಾಕಿದ ಮೊದಲ ಏಳು ದಿನದೊಳಗೆ ನೋಡುಗರು ಹೈಪ್ ಕೊಡಬಹುದು, ಒಬ್ಬರಿಗೆ ವಾರಕ್ಕೆ ಮೂರು ಉಚಿತ. ಚಾನೆಲ್ ಚಿಕ್ಕದಾದಷ್ಟೂ ಪ್ರತಿ ಹೈಪ್‌ಗೆ ಹೆಚ್ಚಿನ ಅಂಕ, ಮೇಲಿನ 100 ವಿಡಿಯೊಗಳ ಪಟ್ಟಿಯೂ ಇದೆ. ಯೂಟ್ಯೂಬ್‌ಗೆ ತಡವಾಗಿ ಬಂದ ಬ್ಲಾಗಿಗರ ಪಾಲಿಗೆ ಇದು ಲಾಭವೇ, ಏಕೆಂದರೆ ಅಲ್ಲಿ ಹೊಸಬರು ನೀವೇ. 2,000 ಚಂದಾದಾರರಿದ್ದು ಓದುಗರ ಬಳಗ ಗಟ್ಟಿಯಾಗಿದ್ದರೆ ವಿಡಿಯೊ ಹಾಕಿದ ದಿನವೇ ಹೈಪ್ ಕೊಡಿ ಎಂದು ಕೇಳಿ, ಎಂಟನೆಯ ದಿನ ಕೇಳಿ ಪ್ರಯೋಜನವಿಲ್ಲ.

ಶಾರ್ಟ್ಸ್ ಅಂಕಿಗಳಿಗೆ ಮಾತ್ರ ಮರುಳಾಗಬೇಡಿ. 2025ರ ಮಾರ್ಚ್ 31ರಿಂದ ವಿಡಿಯೊ ಶುರುವಾದರೆ ಸಾಕು ಒಂದು ವ್ಯೂ, ಎಷ್ಟು ಹೊತ್ತು ನೋಡಿದರು ಎಂಬ ಕಟ್ಟಳೆಯಿಲ್ಲ. ಪಕ್ಕದ ಮನೆಯವರ ಶಾರ್ಟ್ಸ್ ಏಕಾಏಕಿ ದುಪ್ಪಟ್ಟಾದಂತೆ ಕಂಡಿದ್ದರೆ ಇದೂ ಒಂದು ಕಾರಣ. ಹಳೆಯ ಬಗೆಯ ಲೆಕ್ಕ ಅನಲಿಟಿಕ್ಸ್‌ನಲ್ಲಿ ಎಂಗೇಜ್ಡ್ ವ್ಯೂಸ್ ಎಂದು ಬೇರೆಯಾಗಿ ಇದೆ. ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಕೊಂಡಿಗಳು 2023ರ ಆಗಸ್ಟ್ 31ರಿಂದ ಒತ್ತಲು ಬರುವುದಿಲ್ಲ. ಬದಲಿಗೆ ರಿಲೇಟೆಡ್ ವಿಡಿಯೊ ಎಂಬಲ್ಲಿ ನಿಮ್ಮದೇ ಉದ್ದನೆಯ ವಿಡಿಯೊ ಸೇರಿಸಬಹುದು.

ಫೇಸ್‌ಬುಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡದ ಹಿರಿಯ ಓದುಗರು ಇನ್ನೂ ಅಲ್ಲೇ ಇದ್ದಾರೆ, ಉದ್ದ ಬರಹವನ್ನು ತಾಳ್ಮೆಯಿಂದ ಓದುವವರೂ ಅವರೇ. ಆದರೆ 2020ರ ಅಕ್ಟೋಬರ್ 31ರಿಂದ ನೋಟ್ಸ್‌ನಲ್ಲಿ ಹೊಸದಾಗಿ ಬರೆಯುವುದನ್ನು ನಿಲ್ಲಿಸಿದ ಮೇಲೆ ಉದ್ದ ಬರಹ ಜೋಡಿಸಿಡಲು ಅಲ್ಲಿ ತಕ್ಕ ಜಾಗವಿಲ್ಲ. ಹಳೆಯ ಪೋಸ್ಟ್ ಹುಡುಕಿ ತೆಗೆಯುವುದು ಬರೆದವರಿಗೇ ಕಷ್ಟ.

ವಾಟ್ಸ್‌ಆ್ಯಪ್ ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಕೊಂಡಿ ಒತ್ತಲು ಬರುತ್ತದೆ, ಓದುಗರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಚಾನೆಲ್‌ನೊಳಗೆ ಎಲ್ಲವೂ ಹೊತ್ತಿನ ಕ್ರಮದಲ್ಲೇ ಇರುತ್ತದೆ. ತೊಂದರೆ ಏನೆಂದರೆ ಸೇರಿದಾಗ ಚಾನೆಲ್ ಮ್ಯೂಟ್ ಆಗಿಯೇ ಇರುತ್ತದೆ, ಸದ್ದು ಬರುವುದಿಲ್ಲ. ಸೇರಿದವರಿಗೆ ಗಂಟೆಯ ಗುರುತು ಒತ್ತಿ ಎಂದು ಮೊದಲ ವಾರದಲ್ಲೇ ಹೇಳಬೇಕು. ಹಳೆಯ ಓದುಗರನ್ನು ಹಿಡಿದಿಡಲು ಸದ್ಯಕ್ಕೆ ಇದೇ ಸಲೀಸು.

ಬ್ರ್ಯಾಂಡ್‌ಗಳ ಪಕ್ಷಪಾತ

ಮಸಾಲೆ ಕಂಪನಿಯವರು, ಹೋಟೆಲ್‌ನವರು, ಪ್ರಕಾಶಕರು ಹೊಸಬರನ್ನೇ ಕರೆಯುತ್ತಾರೆ ಎಂಬುದು ದೂರಿನ ಇನ್ನೊಂದು ಮುಖ. ಅವರು ನೋಡುವುದು ಕಳೆದ 30 ದಿನದ ರೀಚ್. ಹಳಬರು ಕಳಿಸುವ ಪರಿಚಯ ಪತ್ರದಲ್ಲಿ ಬ್ಲಾಗ್ ಶುರುವಾದ ವರ್ಷ, ಸಿಕ್ಕ ಪ್ರಶಸ್ತಿ, ಪತ್ರಿಕೆಯಲ್ಲಿ ಬಂದದ್ದು ಇರುತ್ತದೆ. ಅದರಿಂದ ಮಾರಾಟದವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ ಒಂದು ಪುಟ ಸಾಕು: 30 ದಿನದ ರೀಚ್, ಅದರಲ್ಲಿ ಅಪರಿಚಿತರ ಪಾಲು, ಮೂರು ಒಳ್ಳೆಯ ರೀಲ್‌ಗಳ ಶೇರ್ ಮತ್ತು ಸೇವ್, ಜೊತೆಗೆ ಬ್ಲಾಗಿಗೆ ಗೂಗಲ್ ಹುಡುಕಾಟದಿಂದ ತಿಂಗಳಿಗೆ ಬರುವ ಕ್ಲಿಕ್. ಈ ಕೊನೆಯದು ಹೊಸಬರಲ್ಲಿ ಬಹುತೇಕರ ಹತ್ತಿರ ಇಲ್ಲ, ಅದನ್ನು ಮೇಲೆ ಬರೆಯಿರಿ. ಪುಕ್ಕಟೆ ಸಾಮಾನು ಸಿಕ್ಕಿತೆಂದು ಹಿಗ್ಗುವ ಮೊದಲು ತೆರಿಗೆಯನ್ನೂ ನೆನಪಿಡಿ: ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಉಡುಗೊರೆಗೆ ಶೇಕಡಾ 10 ಟಿಡಿಎಸ್ ಎಂದು 2022ರ ಜುಲೈ 1ರಿಂದ 194ಆರ್ ಸೆಕ್ಷನ್ ಜಾರಿಗೆ ಬಂತು. ಹಣ ಅಥವಾ ಸಾಮಾನು ಪಡೆದಿದ್ದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು, ಕನ್ನಡ ರೀಲಾದರೆ ಕನ್ನಡದಲ್ಲೇ.

ಮನೆ ರಿಪೇರಿ

ಹೊಸ ಓದುಗರನ್ನು ರೀಲಿನಿಂದ ಬ್ಲಾಗಿಗೆ ಕರೆತಂದ ಮೇಲೆ ಅಲ್ಲಿ ಬಾಗಿಲು ತೆರೆದಿರಬೇಕಲ್ಲ. ಹಳೆಯ ಕನ್ನಡ ಬ್ಲಾಗುಗಳಲ್ಲಿ ಕಾಣುವ ಮೊದಲ ತೊಂದರೆ ವಿಳಾಸದ್ದು. ಬ್ಲಾಗರ್‌ನಲ್ಲಿ ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಅದು ವಿಳಾಸಕ್ಕೆ ಏನೂ ತೆಗೆದುಕೊಳ್ಳದೆ ಬರೀ ಬ್ಲಾಗ್-ಪೋಸ್ಟ್, ಮುಂದೆ ಒಂದು ಸಂಖ್ಯೆ ಎಂದು ಇಟ್ಟುಬಿಡುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ವಿಳಾಸ ಬರುತ್ತದೆ, ಆದರೆ ಅದನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಶೇಕಡಾ ಗುರುತುಗಳ ಮಾರುದ್ದ ಸಾಲಾಗುತ್ತದೆ, ನೋಡಿದವರು ವೈರಸ್ ಎಂದು ಹೆದರುತ್ತಾರೆ. ಎರಡಕ್ಕೂ ಪರಿಹಾರ, ಪ್ರಕಟಿಸುವ ಮೊದಲು ಪರ್ಮಾಲಿಂಕ್‌ನಲ್ಲಿ, ಅಂದರೆ ಪುಟದ ಕಾಯಂ ವಿಳಾಸದಲ್ಲಿ (ಬ್ಲಾಗರ್‌ನಲ್ಲಾದರೆ ಕಸ್ಟಮ್ ಆರಿಸಿ) ಇಂಗ್ಲಿಷ್ ಅಕ್ಷರದಲ್ಲಿ ಅಡುಗೆಯ ಹೆಸರು ಬರೆಯುವುದು. ಕನ್ನಡಿಗರಲ್ಲಿ ಬಹಳಷ್ಟು ಜನ ಹುಡುಕುವುದೂ ಇಂಗ್ಲಿಷ್ ಅಕ್ಷರದಲ್ಲೇ. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕ್ವೆರಿ ಪಟ್ಟಿ, ಅಂದರೆ ಜನ ಹುಡುಕಿದ ಪದಗಳ ಪಟ್ಟಿ ತೆರೆದರೆ ಯಾವ ಕಾಗುಣಿತದಲ್ಲಿ ಎಂಬುದೂ ಗೊತ್ತಾಗುತ್ತದೆ.

ಈಗಾಗಲೇ ಪ್ರಕಟವಾದ ಬ್ಲಾಗರ್ ಬರಹದ ವಿಳಾಸ ಬದಲಿಸಲು ಅದನ್ನು ಡ್ರಾಫ್ಟ್‌ಗೆ ಹಿಂದಿರುಗಿಸಬೇಕು, ಪರ್ಮಾಲಿಂಕ್ ತಿದ್ದಿ ಮತ್ತೆ ಪ್ರಕಟಿಸಬೇಕು. ಹಳೆಯ ಕೊಂಡಿ ಒತ್ತಿದವರಿಗೆ ಪುಟ ಸಿಗುವುದಿಲ್ಲ, ಅದಕ್ಕೆ ಸೆಟ್ಟಿಂಗ್ಸ್‌ನ ಎರರ್ಸ್ ಆ್ಯಂಡ್ ರೀಡೈರೆಕ್ಟ್ಸ್ ವಿಭಾಗದಲ್ಲಿ ಹಳೆಯದು, ಹೊಸದು ಎರಡನ್ನೂ ಬರೆದು ಪರ್ಮನೆಂಟ್ ಗುಂಡಿ ಆನ್ ಮಾಡಬೇಕು. ವಿಳಾಸದಲ್ಲಿ ಬ್ಲಾಗಿನ ಹೆಸರು ಬೇಡ, ಮೊದಲ ಓರೆಗೆರೆಯಿಂದ ಶುರುವಾಗಲಿ. ಮುನ್ನೂರನ್ನೂ ಬದಲಿಸಲು ಹೋಗಬೇಡಿ. ಚೆನ್ನಾಗಿ ಓದಿಸಿಕೊಳ್ಳುತ್ತಿರುವ ಪುಟಗಳನ್ನು ಮುಟ್ಟಬೇಡಿ, ರೀಲ್ ಮಾಡಲು ಹೊರಟಿರುವ ಹತ್ತಿಪ್ಪತ್ತನ್ನು ಮಾತ್ರ ತಿದ್ದಿ.

ಪಕ್ಕದ ಪಟ್ಟಿಯಲ್ಲಿ ಮಿಂಚಂಚೆಯಿಂದ ಹಿಂಬಾಲಿಸಿ ಎಂಬ ಚೌಕ ಇನ್ನೂ ಇದೆಯೇ ನೋಡಿ. ಆ ಚೌಕದ ಹಿಂದಿದ್ದ ಗೂಗಲ್‌ನ ಫೀಡ್‌ಬರ್ನರ್ ಸೇವೆ ಮಿಂಚಂಚೆ ಕಳಿಸುವುದನ್ನು 2021ರಲ್ಲೇ ನಿಲ್ಲಿಸಿದೆ. ಆ ಚೌಕ ಬಿಟ್ಟುಹೋಗಿದ್ದರೆ ಹೊಸ ಓದುಗರು ತಮ್ಮ ವಿಳಾಸ ಬರೆದು ಏನೂ ಬಾರದೆ ಹೋಗುತ್ತಾರೆ. ಬದಲಿಗೆ ಬರಹಗಳನ್ನು ಮಿಂಚಂಚೆಯಲ್ಲಿ ಕಳಿಸುವ ಸಬ್‌ಸ್ಟ್ಯಾಕ್ ತಾಣದಲ್ಲಿ ಉಚಿತ ಪತ್ರ ತೆರೆಯಬಹುದು. ಅದು ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ಓದುಗರ ಪಟ್ಟಿಯನ್ನು ಫೈಲಾಗಿ ಇಳಿಸಿಕೊಳ್ಳಲು ಬಿಡುತ್ತದೆ; ಇನ್‌ಸ್ಟಾ ಫಾಲೋವರ್‌ಗಳ ಮಿಂಚಂಚೆ ನಿಮಗೆ ಎಂದೂ ಸಿಗುವುದಿಲ್ಲ. ಹಣ ಕೊಟ್ಟು ಓದುವ ಚಂದಾ ಮಾತ್ರ ಭಾರತದಿಂದ ಸುಲಭವಲ್ಲ, ಏಕೆಂದರೆ ಅದಕ್ಕೆ ಬೇಕಾದ ಸ್ಟ್ರೈಪ್ ಎಂಬ ಪಾವತಿ ಸೇವೆಯ ಖಾತೆ ಇಲ್ಲಿ 2024ರ ಮೇ ತಿಂಗಳಿಂದ ಆಹ್ವಾನ ಇದ್ದವರಿಗೆ ಮಾತ್ರ.

ಇವೆಲ್ಲಕ್ಕೂ ಮೊದಲು ಬ್ಯಾಕಪ್. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್, ಮ್ಯಾನೇಜ್ ಬ್ಲಾಗ್, ಬ್ಯಾಕಪ್ ಕಂಟೆಂಟ್. ಇಳಿಯುವ ಬರಹಗಳ ಫೈಲಿನಲ್ಲಿ ಬರಹ, ಕಾಮೆಂಟು ಇರುತ್ತವೆ, ಚಿತ್ರಗಳಿರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ಕೊಂಡಿ ಮಾತ್ರ. ಹಳೆಯ ಬ್ಲಾಗಿನ ಚಿತ್ರಗಳನ್ನು ಫ್ಲಿಕರ್‌ನಲ್ಲಿ ಇಟ್ಟವರಿದ್ದರೆ ಇಂದೇ ನೋಡಿ, 2019ರಿಂದ ಉಚಿತ ಖಾತೆಗೆ 1,000 ಚಿತ್ರಗಳ ಮಿತಿ ಬಿದ್ದಿದೆ. ಹೆಚ್ಚು ಓದಿದ ಹತ್ತು ಪುಟಗಳ ಚಿತ್ರಗಳನ್ನು ಕೈಯಾರೆ ಇಳಿಸಿ, ಕಡತಕ್ಕೆ ಅಡುಗೆಯ ಹೆಸರಿಟ್ಟು ಒಂದು ಫೋಲ್ಡರ್‌ಗೆ ಹಾಕಿ. ರೀಲಿನ ಕೊನೆಯ ಎರಡು ಸೆಕೆಂಡಿಗೆ ಬೇಕಾಗುವ ಫೋಟೊ ಕೂಡ ಅಲ್ಲೇ ಸಿಗುತ್ತದೆ.